ಕಾರ್ಯಾಚರಣಾ ವ್ಯವಸ್ಥೆಯ ಬದಲಾವಣೆ ಮತ್ತು ಲ್ಯಾಪ್‌ಟಾಪ್ ಭದ್ರತಾ ಯಂತ್ರಾಂಶ

ಲ್ಯಾಪ್‌ಟಾಪ್‌ನ ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಾಯಿಸಿದ ನಂತರ ಅದರಲ್ಲಿರುವ ಭದ್ರತಾ ಯಂತ್ರಾಂಶವು ನಿರೀಕ್ಷೆಯಂತೆ ಕೆಲಸ ಮಾಡದಿರುವುದು ವ್ಯಾಪಕವಾಗಿ ಕಂಡುಬರುವ ತೊಂದರೆಯಾಗಿದೆ. ಟಿಪಿಎಂ ಚಿಪ್, ಬೆರಳಚ್ಚು ಸಂವೇದಕ, ಸೆಕ್ಯೂರ್ ಬೂಟ್ ವ್ಯವಸ್ಥೆ, ಸ್ಮಾರ್ಟ್ ಕಾರ್ಡ್ ರೀಡರ್, ಮುಖ ಗುರುತಿಸುವ ಅವಗೆಂಪು ಕ್ಯಾಮೆರಾ ಮತ್ತು ಸ್ವಯಂ ಗೂಢಲಿಪೀಕರಣದ ಡಿಸ್ಕ್‌ಗಳು ಈ ಯಂತ್ರಾಂಶದ ಗುಂಪಿಗೆ ಸೇರುತ್ತವೆ. ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋದಾಗ, ಲಿನಕ್ಸ್‌ನಿಂದ ವಿಂಡೋಸ್‌ಗೆ ಮರಳಿದಾಗ ಅಥವಾ ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡಾಗ ಈ ತೊಂದರೆಗಳು ಎದುರಾಗುತ್ತವೆ.

ಇಂತಹ ಹೆಚ್ಚಿನ ಪ್ರಕರಣಗಳಲ್ಲಿ ಯಂತ್ರಾಂಶ ಕೆಟ್ಟಿರುವುದಿಲ್ಲ. ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದರೂ ಈ ಭಾಗಗಳು ತಮ್ಮೊಳಗಿನ ಸ್ವಂತ ಸ್ಮೃತಿಯಲ್ಲಿ ಕೀಲಿಗಳು, ಬೆರಳಚ್ಚಿನ ಮಾದರಿಗಳು ಹಾಗೂ ನಂಬಿಕೆಯ ಪಟ್ಟಿಗಳನ್ನು ಉಳಿಸಿಕೊಂಡಿರುತ್ತವೆ. ಹಳೆಯ ವ್ಯವಸ್ಥೆಯೊಂದಿಗೆ ಬೆಸೆದುಕೊಂಡ ಈ ಸ್ಥಿತಿಯು ಹೊಸ ವ್ಯವಸ್ಥೆಗೆ ತಾಳೆಯಾಗದಿದ್ದಾಗ ಬಳಕೆದಾರರಿಗೆ ಅದು ದೋಷವಾಗಿ ತೋರುತ್ತದೆ. ಇದನ್ನು ಅರಿಯದೆ ಟಿಪಿಎಂ ಅನ್ನು ಬರಿದು ಮಾಡುವಂತಹ ಕ್ರಮಗಳಿಗೆ ಮುಂದಾದರೆ ಡಿಸ್ಕ್‌ನಲ್ಲಿರುವ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಳ್ಳುವ ಸಾಧ್ಯತೆಯಿದೆ.

ಹಿನ್ನೆಲೆ

ವೈಯಕ್ತಿಕ ಗಣಕಯಂತ್ರಗಳ ಆರಂಭದ ದಶಕಗಳಲ್ಲಿ ಭದ್ರತೆಯು ಬಹುಮಟ್ಟಿಗೆ ತಂತ್ರಾಂಶದ ಹೊಣೆಯಾಗಿತ್ತು. ಗುಪ್ತಪದಗಳು ಡಿಸ್ಕ್‌ನಲ್ಲಿಯೇ ಇರುತ್ತಿದ್ದವು. ಡಿಸ್ಕ್ ಅಳಿಸಿದರೆ ಅವೂ ಅಳಿಯುತ್ತಿದ್ದವು. 1999ರಲ್ಲಿ ಹಲವು ಕಂಪನಿಗಳು ಸೇರಿ ಕಟ್ಟಿದ ಒಕ್ಕೂಟ ಮತ್ತು 2003ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಸಂಸ್ಥೆಗಳು ಕೀಲಿಗಳನ್ನು ಡಿಸ್ಕ್‌ನಿಂದ ಹೊರಗೆ, ಪ್ರತ್ಯೇಕ ಚಿಪ್‌ನಲ್ಲಿ ಇಡುವ ವಿನ್ಯಾಸವನ್ನು ರೂಪಿಸಿದವು. ಟಿಪಿಎಂ ಎಂದು ಕರೆಯಲಾಗುವ ಈ ಚಿಪ್‌ನ 1.2 ಆವೃತ್ತಿಯು 2009ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. 2.0 ಆವೃತ್ತಿಯ ವಿವರಣೆ 2014ರಲ್ಲಿ ಪ್ರಕಟವಾಯಿತು.

ಬೆರಳಚ್ಚು ಸಂವೇದಕಗಳು ಕಚೇರಿ ಬಳಕೆಯ ಲ್ಯಾಪ್‌ಟಾಪ್‌ಗಳ ಮೂಲಕ ಜನಪ್ರಿಯವಾದವು. ಐಬಿಎಂ ಸಂಸ್ಥೆಯು 2004ರಲ್ಲಿ ತನ್ನ ಥಿಂಕ್‌ಪ್ಯಾಡ್ ಟಿ42 ಮಾದರಿಯಲ್ಲಿ ಇಂತಹ ಸಂವೇದಕವನ್ನು ಅಳವಡಿಸಿತು. ಯುಇಎಫ್‌ಐ ಫರ್ಮ್‌ವೇರ್‌ನ ಸೆಕ್ಯೂರ್ ಬೂಟ್ ಸೌಲಭ್ಯವು 2012ರಲ್ಲಿ ವಿಂಡೋಸ್ 8ರ ಜೊತೆಗೆ ಸಾಮಾನ್ಯ ಬಳಕೆದಾರರನ್ನು ತಲುಪಿತು.

ಇವೆಲ್ಲ ದೀರ್ಘಕಾಲ ಐಚ್ಛಿಕವಾಗಿದ್ದವು. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಟಿಪಿಎಂ 2.0 ಅನ್ನು ಕಡ್ಡಾಯಗೊಳಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಆ ಅರ್ಹತೆಯಿಲ್ಲದ ಯಂತ್ರಗಳ ಪಾಲಿಗೆ ಉಳಿದಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ಯಂತ್ರ ಕೊಳ್ಳುವುದರ ಬದಲು ಲಿನಕ್ಸ್‌ಗೆ ಹೋಗಲು ಬಯಸುವವರು ಈ ಲೇಖನದಲ್ಲಿ ವಿವರಿಸಿದ ತೊಡಕುಗಳನ್ನು ಮೊದಲ ಬಾರಿಗೆ ಎದುರಿಸುವುದು ಇಂತಹ ಸಂದರ್ಭದಲ್ಲಿಯೇ.

ಟಿಪಿಎಂ ಚಿಪ್

ಟಿಪಿಎಂ ಮುಖ್ಯವಾಗಿ ಎರಡು ಕೆಲಸಗಳನ್ನು ಮಾಡುತ್ತದೆ. ಅದು ಕೀಲಿಗಳನ್ನು ತನ್ನಿಂದ ಹೊರಗೆ ತೆಗೆಯಲಾಗದಂತೆ ಕಾಪಾಡುತ್ತದೆ; ಜೊತೆಗೆ, ಯಂತ್ರ ಆರಂಭವಾಗುವಾಗ ಯಾವ ಯಾವ ತಂತ್ರಾಂಶಗಳು ಯಾವ ಕ್ರಮದಲ್ಲಿ ಚಾಲನೆಗೆ ಬಂದವು ಎಂಬುದರ ಅಳತೆಯನ್ನು ಹಿಡಿದಿಡುತ್ತದೆ. ಈ ಅಳತೆಗಳಿಗೆ ಮೀಸಲಾದ ಕೋಶಗಳನ್ನು ಪಿಸಿಆರ್‌ಗಳು ಎನ್ನುತ್ತಾರೆ. ಪಿಸಿಆರ್‌ಗೆ ನೇರವಾಗಿ ಬೇಕಾದ ಮೌಲ್ಯ ಬರೆಯಲು ಬರುವುದಿಲ್ಲ. ಈಗಿರುವ ಮೌಲ್ಯಕ್ಕೆ ಹೊಸ ಅಳತೆಯನ್ನು ಜೋಡಿಸಿ, ಎರಡರ ಒಟ್ಟು ಹ್ಯಾಶ್ ತೆಗೆದು, ಅದನ್ನೇ ಹೊಸ ಮೌಲ್ಯವಾಗಿ ಇಡಲಾಗುತ್ತದೆ. ಹೀಗಾಗಿ ಆರಂಭದ ಸರಪಳಿಯಲ್ಲಿ ಒಂದು ಕೊಂಡಿ ಬದಲಾದರೂ ಕೊನೆಯ ಮೌಲ್ಯ ಪೂರ್ಣವಾಗಿ ಬೇರೆಯಾಗುತ್ತದೆ. ಫರ್ಮ್‌ವೇರ್‌ನ ಅಳತೆ 0ನೇ ಪಿಸಿಆರ್‌ನಲ್ಲಿಯೂ, ಬೂಟ್ ಮ್ಯಾನೇಜರ್‌ನ ಅಳತೆ 4ರಲ್ಲಿಯೂ, ಸೆಕ್ಯೂರ್ ಬೂಟ್‌ನ ಸ್ಥಿತಿ 7ರಲ್ಲಿಯೂ ದಾಖಲಾಗುತ್ತವೆ.

ಒಂದು ಕೀಲಿಯನ್ನು ನಿರ್ದಿಷ್ಟ ಪಿಸಿಆರ್ ಮೌಲ್ಯಗಳಿಗೆ ಮುದ್ರೆಯೊತ್ತಿ ಇಟ್ಟರೆ, ಆ ಮೌಲ್ಯಗಳು ಮತ್ತೆ ಹಾಗೆಯೇ ಬಂದಾಗ ಮಾತ್ರ ಚಿಪ್ ಅದನ್ನು ಬಿಡುಗಡೆ ಮಾಡುತ್ತದೆ. ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯ ಬೂಟ್ ಲೋಡರ್ ಅನ್ನು ಸ್ಥಾಪಿಸುವುದು, ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸುವುದು, ಫರ್ಮ್‌ವೇರ್ ನವೀಕರಿಸುವುದು ಮೊದಲಾದವು ಈ ಮೌಲ್ಯಗಳನ್ನು ಬದಲಿಸಬಲ್ಲವು. ಚಿಪ್ ಕೀಲಿಯನ್ನು ಕೊಡಲು ನಿರಾಕರಿಸಿದರೆ ಅದು ತನಗೆ ವಹಿಸಿದ ಕೆಲಸವನ್ನೇ ಮಾಡುತ್ತಿದೆ ಎಂದರ್ಥ. ಕಳ್ಳನ ಕೈಗೆ ಸಿಕ್ಕ ಯಂತ್ರಕ್ಕೂ ಯಜಮಾನನೇ ಮಾರ್ಪಡಿಸಿದ ಯಂತ್ರಕ್ಕೂ ವ್ಯತ್ಯಾಸ ತಿಳಿಯುವ ದಾರಿ ಅದಕ್ಕಿಲ್ಲ.

ಲಿನಕ್ಸ್‌ನಲ್ಲಿ ಟಿಪಿಎಂಗೆ ಕರ್ನಲ್‌ನಲ್ಲಿಯೇ ಚಾಲಕ ತಂತ್ರಾಂಶವಿದೆ. ಸಾಧನಗಳ ಕಡತಕೋಶದಲ್ಲಿ ಟಿಪಿಎಂ0 ಎಂಬ ಕಡತ ಕಾಣಿಸಿಕೊಂಡರೆ ಚಿಪ್ ಗುರುತಿಸಲ್ಪಟ್ಟಿದೆ. ಕಾಣದಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಫರ್ಮ್‌ವೇರ್‌ನ ಭದ್ರತಾ ಪುಟವನ್ನು. ಹಲವು ಯಂತ್ರಗಳಲ್ಲಿ ಪ್ರತ್ಯೇಕ ಚಿಪ್ ಇರುವುದಿಲ್ಲ. ಪ್ರೊಸೆಸರ್ ವೇದಿಕೆಯೊಳಗಿನ ಫರ್ಮ್‌ವೇರ್ ಆ ಪಾತ್ರವನ್ನು ವಹಿಸುತ್ತದೆ. ಇಂಟೆಲ್ ಯಂತ್ರಗಳಲ್ಲಿ ಇದರ ಹೆಸರು ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ. ಟಿಪಿಎಂ ಎಂಬ ಹೆಸರನ್ನೇ ಹುಡುಕುವವರು ಇವುಗಳನ್ನು ಗಮನಿಸದೆ ಯಂತ್ರದಲ್ಲಿ ಚಿಪ್ ಇಲ್ಲವೆಂದು ತೀರ್ಮಾನಿಸುವುದುಂಟು.

ತಪ್ಪು ಗುಪ್ತಸಂಖ್ಯೆಯನ್ನು ಪದೇ ಪದೇ ನೀಡಿದರೆ ಟಿಪಿಎಂ ಬೀಗಮುದ್ರೆಯ ಸ್ಥಿತಿಗೆ ಹೋಗುತ್ತದೆ. ಈ ಎಣಿಕೆಯೂ ಚಿಪ್‌ನೊಳಗೇ ಇರುವುದರಿಂದ ಡಿಸ್ಕ್ ಅಳಿಸಿದ ಮಾತ್ರಕ್ಕೆ ಅದು ಸೊನ್ನೆಯಾಗುವುದಿಲ್ಲ. ಕಾಲಕ್ರಮೇಣ ತಾನಾಗಿ ಸಡಿಲಗೊಳ್ಳುತ್ತದೆ, ಇಲ್ಲವೇ ಫರ್ಮ್‌ವೇರ್‌ನ ಮೂಲಕ ಚಿಪ್ ಅನ್ನು ಬರಿದು ಮಾಡಬೇಕಾಗುತ್ತದೆ. ಬರಿದು ಮಾಡುವ ಆದೇಶವನ್ನು ಜಾರಿಗೊಳಿಸುವ ಮುನ್ನ ಅನೇಕ ಯಂತ್ರಗಳು ಮರುಚಾಲನೆಯಾಗಿ, ಬಳಕೆದಾರರು ಯಂತ್ರದ ಮುಂದೆಯೇ ಇದ್ದು ಕೀಲಿಮಣೆಯ ಗುಂಡಿಯೊಂದನ್ನು ಒತ್ತಿ ಒಪ್ಪಿಗೆ ಕೊಡುವಂತೆ ಕೇಳುತ್ತವೆ.

ಚಿಪ್‌ನ ಸ್ವಂತ ಫರ್ಮ್‌ವೇರ್‌ನಲ್ಲಿಯೂ ದೋಷಗಳಿರಬಹುದು. 2017ರ ಅಕ್ಟೋಬರ್‌ನಲ್ಲಿ ಬಹಿರಂಗವಾದ ರೋಕಾ ಎಂಬ ದೌರ್ಬಲ್ಯವು ಇನ್ಫಿನಿಯಾನ್ ಸಂಸ್ಥೆಯ ಟಿಪಿಎಂಗಳಲ್ಲಿ ಆರ್‌ಎಸ್‌ಎ ಕೀಲಿಗಳು ದುರ್ಬಲವಾಗಿ ಸೃಷ್ಟಿಯಾಗುತ್ತಿದ್ದುದನ್ನು ತೋರಿಸಿತು. ಚಿಪ್‌ನ ಫರ್ಮ್‌ವೇರ್ ನವೀಕರಿಸಿ ಕೀಲಿಗಳನ್ನು ಹೊಸದಾಗಿ ಸೃಷ್ಟಿಸುವವರೆಗೆ, ಯಾವ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೂ ಅಪಾಯ ಹಾಗೆಯೇ ಉಳಿಯುತ್ತಿತ್ತು. ಇನ್ನೊಂದು ಬಗೆಯ ತೊಂದರೆ ಎಎಂಡಿ ಎಫ್‌ಟಿಪಿಎಂಗೆ ಸಂಬಂಧಿಸಿದ್ದು. ಯಂತ್ರ ಆಗಾಗ ಕ್ಷಣಕಾಲ ತಡವರಿಸುವುದಕ್ಕೆ ಎಫ್‌ಟಿಪಿಎಂ ಕಾರಣವೆಂದು ಎಎಂಡಿ 2022ರಲ್ಲಿ ಒಪ್ಪಿಕೊಂಡಿತು. ಇದೇ ತಡವರಿಕೆ ಲಿನಕ್ಸ್‌ನಲ್ಲಿಯೂ ಕಂಡುಬಂದಾಗ, ಎಫ್‌ಟಿಪಿಎಂ ಅನ್ನು ಯಾದೃಚ್ಛಿಕ ಸಂಖ್ಯೆಗಳ ಮೂಲವಾಗಿ ಬಳಸುವುದನ್ನು 2023ರಲ್ಲಿ ಕರ್ನಲ್‌ನಿಂದ ಕೈಬಿಡಲಾಯಿತು.

ಬಿಟ್‌ಲಾಕರ್ ಮತ್ತು ಮರುಪ್ರಾಪ್ತಿ ಕೀಲಿ

ಕಾರ್ಯಾಚರಣಾ ವ್ಯವಸ್ಥೆಯನ್ನು ಬದಲಿಸುವಾಗ ದತ್ತಾಂಶ ನಷ್ಟಕ್ಕೆ ದಾರಿಮಾಡುವ ಪ್ರಮುಖ ಕಾರಣಗಳಲ್ಲಿ ಬಿಟ್‌ಲಾಕರ್ ಒಂದು. ವಿಂಡೋಸ್ ವಿಸ್ಟಾದೊಂದಿಗೆ ಬಂದ ಈ ಡಿಸ್ಕ್ ಗೂಢಲಿಪೀಕರಣ ಸೌಲಭ್ಯವು ತನ್ನ ಕೀಲಿಯನ್ನು ಸಾಮಾನ್ಯವಾಗಿ ಟಿಪಿಎಂನಲ್ಲಿ ಮುದ್ರೆಯೊತ್ತಿ ಇಡುತ್ತದೆ. ಸೆಕ್ಯೂರ್ ಬೂಟ್ ಸಕ್ರಿಯವಾಗಿರುವ ಯಂತ್ರಗಳಲ್ಲಿ ಅದು 7 ಮತ್ತು 11ನೇ ಪಿಸಿಆರ್‌ಗಳನ್ನು ಆಧರಿಸುತ್ತದೆ.

ಇದರ ಸರಳ ರೂಪವಾದ ಸಾಧನ ಗೂಢಲಿಪೀಕರಣವು ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿಯೂ ಇದೆ. ಅರ್ಹ ಯಂತ್ರದಲ್ಲಿ ಬಳಕೆದಾರರು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಪ್ರವೇಶಿಸಿದಾಗ ಇದು ತಾನಾಗಿಯೇ ಜಾರಿಗೆ ಬರಬಲ್ಲದು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇದರ ಯಂತ್ರಾಂಶದ ಷರತ್ತುಗಳನ್ನು ಸಡಿಲಿಸಲಾಯಿತು. ಹೀಗಾಗಿ ತಮ್ಮ ಡಿಸ್ಕ್ ಗೂಢಲಿಪಿಯಲ್ಲಿದೆ ಎಂಬುದೇ ತಿಳಿಯದ ಬಳಕೆದಾರರು ಇರುವುದು ಅಸಹಜವಲ್ಲ.

ಘಟನೆಗಳ ಸಾಮಾನ್ಯ ಸರಣಿ ಹೀಗಿರುತ್ತದೆ: ಲಿನಕ್ಸ್ ಅನ್ನು ಯುಎಸ್‌ಬಿ ಪೆನ್‌ಡ್ರೈವ್‌ನಿಂದ ಪರೀಕ್ಷಿಸಿ ನೋಡಲು ಬಳಕೆದಾರರು ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸುತ್ತಾರೆ. 7ನೇ ಪಿಸಿಆರ್ ಬದಲಾಗುತ್ತದೆ. ಮರಳಿ ವಿಂಡೋಸ್ ತೆರೆಯಲು ಹೋದಾಗ ನೀಲಿ ಪರದೆಯೊಂದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆರು ಅಂಕಿಗಳ ಎಂಟು ಗುಂಪುಗಳಾಗಿರುವ ಈ ಸಂಖ್ಯೆಯು ವೈಯಕ್ತಿಕ ಯಂತ್ರವಾದರೆ ಹೆಚ್ಚಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ, ಕಚೇರಿಯ ಯಂತ್ರವಾದರೆ ಸಂಸ್ಥೆಯ ಆಡಳಿತಗಾರರ ಬಳಿ ಇರುತ್ತದೆ. ಈ ಹಂತದಲ್ಲಿ ಸೆಕ್ಯೂರ್ ಬೂಟ್ ಅನ್ನು ಮೊದಲಿದ್ದ ಸ್ಥಿತಿಗೆ ತಂದರೆ ಹಲವು ಬಾರಿ ಕೀಲಿಯ ಅಗತ್ಯವಿಲ್ಲದೆಯೇ ವಿಂಡೋಸ್ ತೆರೆದುಕೊಳ್ಳುತ್ತದೆ, ಏಕೆಂದರೆ ಪಿಸಿಆರ್ ಮತ್ತೆ ಹಳೆಯ ಮೌಲ್ಯಕ್ಕೆ ಬರುತ್ತದೆ.

ಇದೇ ಹಂತದಲ್ಲಿ ಗಾಬರಿಗೊಂಡು ಟಿಪಿಎಂ ಅನ್ನು ಬರಿದು ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮುದ್ರೆಯೊತ್ತಿದ ಕೀಲಿ ಅಳಿದ ಮೇಲೆ ಮರುಪ್ರಾಪ್ತಿ ಕೀಲಿಯೊಂದೇ ಆಧಾರ. ಅದೂ ಇಲ್ಲದಿದ್ದರೆ ದತ್ತಾಂಶವನ್ನು ತೆರೆಯುವ ದಾರಿ ತಯಾರಕರ ಬಳಿಯೂ ಇಲ್ಲ, ಮೈಕ್ರೋಸಾಫ್ಟ್ ಬಳಿಯೂ ಇಲ್ಲ. ಮರುಪ್ರಾಪ್ತಿ ಕೀಲಿ ಕೈಯಲ್ಲಿದ್ದರೆ ವಿಂಡೋಸ್ ಆರಂಭವಾಗದಿದ್ದರೂ ಚಿಂತೆಯಿಲ್ಲ. ಕ್ರಿಪ್ಟ್‌ಸೆಟಪ್ ತಂತ್ರಾಂಶವು 2020ರಿಂದ ಬಿಟ್‌ಲಾಕರ್ ವಿಭಾಗಗಳನ್ನು ಲಿನಕ್ಸ್‌ನಲ್ಲಿ ತೆರೆಯಬಲ್ಲದು. ಡಿಸ್‌ಲಾಕರ್ ಎಂಬ ಇನ್ನೊಂದು ಸಾಧನವೂ ಇದೆ.

ಲಿನಕ್ಸ್‌ನಲ್ಲಿಯೂ ಇದೇ ತತ್ವವನ್ನು ಬಳಸಲಾಗುತ್ತದೆ. ಸಿಸ್ಟಂಡಿ ತಂತ್ರಾಂಶದ 2021ರ ಆವೃತ್ತಿಯೊಂದು ಡಿಸ್ಕ್ ಗೂಢಲಿಪಿಯ ಕೀಲಿಯನ್ನು ಟಿಪಿಎಂಗೆ ಬೆಸೆಯುವ ಸೌಲಭ್ಯವನ್ನು ತಂದಿತು. ಅಲ್ಲಿ ಮೂಲ ಗುಪ್ತವಾಕ್ಯವು ಬೇರೆ ಖಾನೆಯಲ್ಲಿ ಉಳಿದಿರುವುದರಿಂದ, ಅದನ್ನು ತೆಗೆದುಹಾಕದ ಹೊರತು ಟಿಪಿಎಂ ಕೈಕೊಟ್ಟರೂ ಗುಪ್ತವಾಕ್ಯ ನೀಡಿ ಒಳಹೋಗಬಹುದು.

ಬೆರಳಚ್ಚು ಸಂವೇದಕ

ಲಿನಕ್ಸ್‌ಗೆ ಬಂದವರು ಹೆಚ್ಚಾಗಿ ವಿಚಾರಿಸುವ ಭದ್ರತಾ ಭಾಗಗಳಲ್ಲಿ ಬೆರಳಚ್ಚು ಸಂವೇದಕವೂ ಒಂದು. ಇದಕ್ಕೆ ಬೇಕಾದ ತಂತ್ರಾಂಶ ಎರಡು ಪದರಗಳಲ್ಲಿದೆ. ಸಂವೇದಕದೊಂದಿಗೆ ಮಾತನಾಡುವ ಗ್ರಂಥಾಲಯ ಲಿಬ್‌ಎಫ್‌ಪ್ರಿಂಟ್. ಅದನ್ನು ಬಳಸಿ ಬೆರಳುಗಳ ನೋಂದಣಿ ಮತ್ತು ತಾಳೆಯನ್ನು ನಿರ್ವಹಿಸುವ ಸೇವೆ ಎಫ್‌ಪ್ರಿಂಟ್‌ಡಿ. ಲಿಬ್‌ಎಫ್‌ಪ್ರಿಂಟ್ ಅನ್ನು ಡೇನಿಯಲ್ ಡ್ರೇಕ್ ಅವರು 2007ರ ಸುಮಾರಿಗೆ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದರು. ತಯಾರಕರು ತಮ್ಮ ಸಂವೇದಕಗಳ ವಿವರಗಳನ್ನು ಪ್ರಕಟಿಸದಿದ್ದುದರಿಂದ ಅನೇಕ ಚಾಲಕಗಳನ್ನು ಸ್ವಯಂಸೇವಕರು ಯುಎಸ್‌ಬಿ ಸಂವಹನವನ್ನು ಗಮನಿಸಿ, ಹಿಮ್ಮುಖವಾಗಿ ವಿಶ್ಲೇಷಿಸಿ ಬರೆಯಬೇಕಾಯಿತು.

ಸಂವೇದಕ ಕೆಲಸ ಮಾಡದಿದ್ದಾಗ ಮೊದಲು ತಿಳಿಯಬೇಕಾದದ್ದು ಅದು ಯಾವುದೆಂಬುದನ್ನು. ಲ್ಯಾಪ್‌ಟಾಪ್‌ನ ಮಾದರಿಯ ಹೆಸರು ಇದಕ್ಕೆ ಸಾಲದು. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಬೇರೆ ಬೇರೆ ತಯಾರಕರ ಸಂವೇದಕಗಳು ಇರುವುದುಂಟು. ಅನೇಕ ಸಂವೇದಕಗಳು ಒಳಗಿನ ಯುಎಸ್‌ಬಿ ಸಂಪರ್ಕದಲ್ಲಿರುವುದರಿಂದ, ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆದೇಶವು ತಯಾರಕ ಮತ್ತು ಉತ್ಪನ್ನದ ಸಂಕೇತಗಳನ್ನು ತೋರಿಸುತ್ತದೆ. ಸಿನಾಪ್ಟಿಕ್ಸ್, ಗುಡಿಕ್ಸ್, ಎಲಾನ್, ಹಳೆಯ ಯಂತ್ರಗಳಲ್ಲಿ ವ್ಯಾಲಿಡಿಟಿ, ಅಪೆಕ್ ಮತ್ತು ಆಥೆಂಟೆಕ್ ಸಾಮಾನ್ಯವಾಗಿ ಕಾಣುವ ಹೆಸರುಗಳು. ಪಟ್ಟಿಯಲ್ಲಿ ಸಂವೇದಕವೇ ಇಲ್ಲದಿದ್ದರೆ ಅದು ಫರ್ಮ್‌ವೇರ್‌ನಲ್ಲಿ ನಿಷ್ಕ್ರಿಯವಾಗಿರಬಹುದು. ಪಟ್ಟಿಯಲ್ಲಿದ್ದೂ ಲಿಬ್‌ಎಫ್‌ಪ್ರಿಂಟ್‌ನ ಬೆಂಬಲಿತ ಸಾಧನಗಳಲ್ಲಿ ಅದರ ಸಂಕೇತ ಇಲ್ಲದಿದ್ದರೆ ಚಾಲಕದ ಕೊರತೆಯೇ ಕಾರಣ. ಸಂಯೋಜನೆಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಥಿಂಕ್‌ಪ್ಯಾಡ್ ಟಿ480ರಂತಹ ಮಾದರಿಗಳಲ್ಲಿರುವ ಕೆಲವು ವ್ಯಾಲಿಡಿಟಿ ಮತ್ತು ಸಿನಾಪ್ಟಿಕ್ಸ್ ಸಂವೇದಕಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಧಿಕೃತ ಗ್ರಂಥಾಲಯದಲ್ಲಿ ಇವುಗಳಿಗೆ ಚಾಲಕ ಇಲ್ಲದ ಕಾರಣ ಪೈಥಾನ್-ವ್ಯಾಲಿಡಿಟಿ ಎಂಬ ಸ್ವತಂತ್ರ ಯೋಜನೆ ಹುಟ್ಟಿಕೊಂಡಿತು. ಈ ಸಂವೇದಕಗಳು ಆತಿಥೇಯ ಯಂತ್ರದೊಂದಿಗೆ ಜೋಡಿಯಾಗಿ ಗೂಢಲಿಪೀಕೃತ ಸಂವಹನ ನಡೆಸುತ್ತವೆ. ವಿಂಡೋಸ್‌ನಲ್ಲಿ ಜೋಡಿಯಾದ ಸಂವೇದಕವು ಲಿನಕ್ಸ್‌ನಲ್ಲಿ ಸ್ಪಂದಿಸದಿದ್ದರೆ ಅದನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿ ಹೊಸದಾಗಿ ಜೋಡಿಸಬೇಕಾಗುತ್ತದೆ.

ಹಿಂದಿನ ವ್ಯವಸ್ಥೆಯ ಉಳಿಕೆಗಳು

ತಾಳೆ ನೋಡುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ಸಂವೇದಕಗಳಲ್ಲಿ ಎರಡು ಬಗೆಗಳಿವೆ. ಹಳೆಯ ಬಗೆಯಲ್ಲಿ ಸಂವೇದಕವು ಬೆರಳಿನ ಚಿತ್ರವನ್ನು ಮಾತ್ರ ಕಳುಹಿಸುತ್ತದೆ; ಮಾದರಿಗಳು ಡಿಸ್ಕ್‌ನಲ್ಲಿರುತ್ತವೆ ಮತ್ತು ಡಿಸ್ಕ್‌ನೊಂದಿಗೆ ಅಳಿಯುತ್ತವೆ. ಹೊಸ ಬಗೆಯಲ್ಲಿ ಮಾದರಿಗಳು ಸಂವೇದಕದ ಚಿಪ್‌ನೊಳಗೇ ಇದ್ದು, ತಾಳೆಯೂ ಅಲ್ಲಿಯೇ ನಡೆಯುತ್ತದೆ. ಹೊರಗೆ ಬರುವುದು ಹೊಂದಿತೋ ಇಲ್ಲವೋ ಎಂಬ ಉತ್ತರ ಮಾತ್ರ. ಕಾರ್ಯಾಚರಣಾ ವ್ಯವಸ್ಥೆಯ ಬಳಿ ಇರುವುದು ಆ ಮಾದರಿಯನ್ನು ಸೂಚಿಸುವ ಗುರುತು.

ಎರಡನೆಯ ಬಗೆಯಲ್ಲಿ ವಿಂಡೋಸ್ ಅಳಿಸಿದಾಗ ಗುರುತುಗಳು ಹೋಗುತ್ತವೆ, ಮಾದರಿಗಳು ಉಳಿಯುತ್ತವೆ. ಲಿನಕ್ಸ್‌ನಲ್ಲಿ ಅದೇ ಬೆರಳನ್ನು ನೋಂದಾಯಿಸಲು ಹೋದರೆ ಅದು ಈಗಾಗಲೇ ದಾಖಲಾಗಿದೆ ಎಂದು ಸಂವೇದಕ ತಿರಸ್ಕರಿಸಬಹುದು. ಅದರ ಸ್ಮೃತಿ ಸೀಮಿತವಾದ್ದರಿಂದ, ಹಲವು ಬಾರಿ ವ್ಯವಸ್ಥೆ ಬದಲಿಸಿದ ಯಂತ್ರದಲ್ಲಿ ಜಾಗವೇ ಇಲ್ಲವೆಂಬ ಸಂದೇಶವೂ ಬರಬಹುದು. ಎಫ್‌ಪ್ರಿಂಟ್‌ಡಿಯ ಹೊಸ ಆವೃತ್ತಿಗಳು ಇಂತಹ ಅನಾಥ ಮಾದರಿಗಳನ್ನು ತೆರವುಗೊಳಿಸಲು ಯತ್ನಿಸುತ್ತವೆ. ಅದು ಫಲಿಸದಿದ್ದಾಗ ಫರ್ಮ್‌ವೇರ್‌ನಿಂದಲೇ ಅಳಿಸುವುದು ಸುಲಭ. ಅನೇಕ ಥಿಂಕ್‌ಪ್ಯಾಡ್‌ಗಳ ಫರ್ಮ್‌ವೇರ್‌ನ ಭದ್ರತಾ ವಿಭಾಗದಲ್ಲಿ ಬೆರಳಚ್ಚಿನ ದತ್ತಾಂಶವನ್ನು ಅಳಿಸುವ ಆಯ್ಕೆಯಿದೆ. ಅಂತಹ ಆಯ್ಕೆಯಿಲ್ಲದ ಯಂತ್ರಗಳಲ್ಲಿ ಮತ್ತೆ ವಿಂಡೋಸ್ ಸ್ಥಾಪಿಸಿ ಅಲ್ಲಿಂದ ಅಳಿಸುವ ಸುತ್ತುದಾರಿ ಮಾತ್ರ ಉಳಿಯಬಹುದು.

ಈ ಉಳಿಕೆಗಳು ಕೇವಲ ಅನಾನುಕೂಲದ ವಿಷಯವಲ್ಲ ಎಂಬುದನ್ನು 2023ರ ನವೆಂಬರ್‌ನಲ್ಲಿ ಬ್ಲ್ಯಾಕ್‌ವಿಂಗ್ ಇಂಟೆಲಿಜೆನ್ಸ್ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟರು. ಮೈಕ್ರೋಸಾಫ್ಟ್‌ನ ಕೋರಿಕೆಯ ಮೇರೆಗೆ ನಡೆದ ಈ ಅಧ್ಯಯನದಲ್ಲಿ ಮೂರು ಯಂತ್ರಗಳ ವಿಂಡೋಸ್ ಹಲೋ ಬೆರಳಚ್ಚು ಪ್ರವೇಶವನ್ನು ಅವರು ಭೇದಿಸಿದರು. ಅವುಗಳಲ್ಲಿ ಡೆಲ್ ಇನ್‌ಸ್ಪಿರಾನ್ 15ರ ಪ್ರಕರಣವು ಎರಡು ಕಾರ್ಯಾಚರಣಾ ವ್ಯವಸ್ಥೆಗಳ ನಡುವಿನ ಬಿರುಕನ್ನೇ ಬಳಸಿಕೊಂಡಿತು. ಅದರ ಗುಡಿಕ್ಸ್ ಸಂವೇದಕವು ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಒಂದು ಎಂದು ಮಾದರಿಗಳ ಎರಡು ಪ್ರತ್ಯೇಕ ಸಂಗ್ರಹಗಳನ್ನು ಇಟ್ಟುಕೊಂಡಿತ್ತು. ವಿಂಡೋಸ್‌ನ ಸಂಗ್ರಹಕ್ಕೆ ಸೇರಿಸಲು ಕಟ್ಟುನಿಟ್ಟಾದ ಸುರಕ್ಷಿತ ಸಂಪರ್ಕ ಬೇಕಿತ್ತು. ಲಿನಕ್ಸ್‌ನ ಸಂಗ್ರಹಕ್ಕೆ ಬೇಕಿರಲಿಲ್ಲ. ಯಾವ ಸಂಗ್ರಹವನ್ನು ಬಳಸಬೇಕೆಂಬ ಸೂಚನೆಯು ಆರಂಭದಲ್ಲಿ ಆತಿಥೇಯ ಯಂತ್ರದಿಂದ ಯಾವುದೇ ದೃಢೀಕರಣವಿಲ್ಲದೆ ಹೋಗುತ್ತಿತ್ತು. ಸಂಶೋಧಕರು ಲಿನಕ್ಸ್ ಆರಂಭಿಸಿ, ವಿಂಡೋಸ್ ಬಳಕೆದಾರರ ಗುರುತಿನಲ್ಲಿಯೇ ತಮ್ಮ ಬೆರಳನ್ನು ನೋಂದಾಯಿಸಿದರು. ಬಳಿಕ ರಾಸ್ಪ್‌ಬೆರಿ ಪೈ ಯಂತ್ರವೊಂದನ್ನು ನಡುವೆ ಇರಿಸಿ ಆ ಸೂಚನೆಯನ್ನು ತಿರುಚಿ, ವಿಂಡೋಸ್ ಲಿನಕ್ಸ್‌ನ ಸಂಗ್ರಹವನ್ನೇ ನಂಬುವಂತೆ ಮಾಡಿದರು.

ಪ್ರವೇಶದ ಸಂಯೋಜನೆ

ಬೆರಳು ನೋಂದಣಿಯಾಗಿ ತಾಳೆಯೂ ಸರಿಯಾಗಿದ್ದು ಪ್ರವೇಶ ಪರದೆಯಲ್ಲಿ ಮಾತ್ರ ಬೆರಳು ಕೇಳದಿದ್ದರೆ ಸಮಸ್ಯೆ ಪ್ಯಾಮ್ ಎಂಬ ದೃಢೀಕರಣ ಪದರದಲ್ಲಿದೆ. ಎಫ್‌ಪ್ರಿಂಟ್‌ಡಿಯ ಪ್ಯಾಮ್ ಘಟಕವನ್ನು ಸ್ಥಾಪಿಸಿ ಸಕ್ರಿಯಗೊಳಿಸಬೇಕು. ಈ ಕಡತಗಳನ್ನು ಕೈಯಾರೆ ತಿದ್ದುವಾಗ ತಪ್ಪಾದರೆ ಗುಪ್ತಪದದಿಂದಲೂ ಪ್ರವೇಶ ಸಿಗದಂತಾಗಬಹುದು. ಆದ್ದರಿಂದ ಆಡಳಿತಗಾರರ ಅಧಿಕಾರವಿರುವ ಇನ್ನೊಂದು ಟರ್ಮಿನಲ್ ಅನ್ನು ತೆರೆದಿಟ್ಟುಕೊಂಡು ಈ ಕೆಲಸ ಮಾಡುವುದು ರೂಢಿ.

ಬೆರಳಿನಿಂದ ಪ್ರವೇಶಿಸಿದ ಬಳಿಕವೂ ಗ್ನೋಮ್ ಪರಿಸರದ ಕೀಲಿಗೊಂಚಲು ಗುಪ್ತಪದವನ್ನು ಕೇಳುವುದನ್ನು ಹಲವರು ದೋಷವೆಂದು ಭಾವಿಸುತ್ತಾರೆ. ಆ ಕೀಲಿಗೊಂಚಲು ಗುಪ್ತಪದದಿಂದಲೇ ಗೂಢಲಿಪೀಕೃತವಾಗಿರುತ್ತದೆ. ಬೆರಳಚ್ಚು ಹೌದು ಅಥವಾ ಇಲ್ಲ ಎಂಬ ಉತ್ತರವನ್ನಷ್ಟೇ ಕೊಡುವುದರಿಂದ ಅದರಿಂದ ಯಾವುದೇ ಕೀಲಿ ಹುಟ್ಟುವುದಿಲ್ಲ.

ಸೆಕ್ಯೂರ್ ಬೂಟ್

ಸೆಕ್ಯೂರ್ ಬೂಟ್ ಸಕ್ರಿಯವಾಗಿರುವಾಗ ಫರ್ಮ್‌ವೇರ್ ತಾನು ನಂಬುವ ಸಹಿಯಿರುವ ಬೂಟ್ ಲೋಡರ್ ಅನ್ನು ಮಾತ್ರ ಚಲಾಯಿಸುತ್ತದೆ. ಉಬುಂಟು, ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳು ಶಿಮ್ ಎಂಬ ಸಣ್ಣ ಲೋಡರ್‌ಗೆ ಮೈಕ್ರೋಸಾಫ್ಟ್‌ನ ಸಹಿ ಪಡೆದು ಈ ಷರತ್ತನ್ನು ಪೂರೈಸುತ್ತವೆ. ಆದ್ದರಿಂದ ಲಿನಕ್ಸ್‌ಗಾಗಿ ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸಲೇಬೇಕೆಂಬ ಹಳೆಯ ಸಲಹೆ ಈ ವಿತರಣೆಗಳಿಗೆ ಅನ್ವಯಿಸುವುದಿಲ್ಲ. ಸುರಕ್ಷಿತ ಕೋರ್ ಎಂಬ ವರ್ಗದ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇತರರ ಲೋಡರ್‌ಗಳಿಗೆ ಸಹಿ ಹಾಕುವ ಮೈಕ್ರೋಸಾಫ್ಟ್ ಪ್ರಮಾಣಪತ್ರದ ಮೇಲಿನ ನಂಬಿಕೆಯನ್ನು ಮೊದಲೇ ತೆಗೆದುಹಾಕಿರುತ್ತಾರೆ. ಅಲ್ಲಿ ಫರ್ಮ್‌ವೇರ್‌ಗೆ ಹೋಗಿ ಅದನ್ನು ಅನುಮತಿಸಬೇಕು.

ವಿತರಣೆಯ ಹೊರಗಿನಿಂದ ಬರುವ ಅಥವಾ ಯಂತ್ರದಲ್ಲಿಯೇ ಸಂಕಲನಗೊಳ್ಳುವ ಚಾಲಕಗಳು ಇನ್ನೊಂದು ತೊಡಕು. ಅವುಗಳಿಗೆ ಯಂತ್ರದ ಯಜಮಾನರೇ ಸೃಷ್ಟಿಸಿದ ಕೀಲಿಯಿಂದ ಸಹಿ ಹಾಕಿ, ಆ ಕೀಲಿಯನ್ನು ಶಿಮ್‌ನ ಪಟ್ಟಿಗೆ ಸೇರಿಸಬೇಕಾಗುತ್ತದೆ. ಇದಕ್ಕಾಗಿ ಮರುಚಾಲನೆಯ ವೇಳೆ ನೀಲಿ ಬಣ್ಣದ ಪರದೆಯೊಂದು ಕೆಲವು ಕ್ಷಣ ಕಾಣಿಸಿಕೊಳ್ಳುತ್ತದೆ. ಅದು ಏನೆಂದು ತಿಳಿಯದೆ ದಾಟಿಹೋದರೆ ಕೀಲಿ ಸೇರ್ಪಡೆಯಾಗುವುದಿಲ್ಲ, ಚಾಲಕವೂ ಕೆಲಸ ಮಾಡುವುದಿಲ್ಲ.

ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಒಂದರ ನವೀಕರಣ ಇನ್ನೊಂದನ್ನು ತಡೆಯಬಹುದು. 2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ನವೀಕರಣವು ಹಳೆಯ ದುರ್ಬಲ ಲಿನಕ್ಸ್ ಲೋಡರ್‌ಗಳನ್ನು ನಿರಾಕರಿಸುವ ಎಸ್‌ಬಿಎಟಿ ನೀತಿಯನ್ನು ಫರ್ಮ್‌ವೇರ್‌ನ ಸ್ಮೃತಿಗೆ ಬರೆಯಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ ಅದು ಅನ್ವಯಿಸಬಾರದಾಗಿತ್ತಾದರೂ ಅನೇಕ ಯಂತ್ರಗಳಲ್ಲಿ ಅನ್ವಯವಾಗಿ, ಲಿನಕ್ಸ್ ಆರಂಭವಾಗದೆ ಭದ್ರತಾ ನೀತಿಯ ಉಲ್ಲಂಘನೆ ಎಂಬ ಸಂದೇಶ ಬಂದಿತು. ಸೆಕ್ಯೂರ್ ಬೂಟ್ ಅನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಲಿನಕ್ಸ್‌ನೊಳಗಿನಿಂದ ಆ ನೀತಿಯನ್ನು ಅಳಿಸಿ, ಮತ್ತೆ ಸಕ್ರಿಯಗೊಳಿಸುವುದು ಆಗ ಬಳಕೆಗೆ ಬಂದ ಪರಿಹಾರ. ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ಇದನ್ನು ಸರಿಪಡಿಸಿತು. ಸೆಕ್ಯೂರ್ ಬೂಟ್‌ನ ತಳಹದಿಯಾಗಿರುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿಯು 2026ರ ಜೂನ್‌ನಿಂದ ಹಂತಹಂತವಾಗಿ ಮುಗಿಯುವಂತೆ ನಿಗದಿಯಾಗಿದ್ದು, ಅವುಗಳ ಬದಲಿಗೆ 2023ರ ಪ್ರಮಾಣಪತ್ರಗಳನ್ನು ಫರ್ಮ್‌ವೇರ್‌ಗೆ ಸೇರಿಸಬೇಕಾಗಿದೆ.

ಇತರ ಭಾಗಗಳು

ಸ್ಮಾರ್ಟ್ ಕಾರ್ಡ್ ರೀಡರ್‌ಗಳ ವಿಷಯದಲ್ಲಿ ತೊಂದರೆ ಕಡಿಮೆ. ಸಿಸಿಐಡಿ ಎಂಬ ಮಾನಕವನ್ನು ಪಾಲಿಸುವ ರೀಡರ್‌ಗಳು ಪಿಸಿಎಸ್‌ಸಿಡಿ ಸೇವೆ ಚಾಲನೆಯಲ್ಲಿದ್ದರೆ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ತೆರಿಗೆ ಸಲ್ಲಿಕೆ ಮತ್ತು ಇ-ಟೆಂಡರ್‌ಗಳಿಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳೂ ಇದೇ ತತ್ವದವು. ಸಹಿಯ ಕೀಲಿ ಟೋಕನ್‌ನೊಳಗೇ ಇರುವುದರಿಂದ ಲ್ಯಾಪ್‌ಟಾಪ್‌ನ ವ್ಯವಸ್ಥೆ ಬದಲಾದರೆ ಕೀಲಿಗೆ ಧಕ್ಕೆಯಿಲ್ಲ. ಆ ಟೋಕನ್‌ಗೆ ಹೊಂದುವ ಗ್ರಂಥಾಲಯವನ್ನು ಹೊಸ ವ್ಯವಸ್ಥೆಯಲ್ಲಿ ಸ್ಥಾಪಿಸಬೇಕು. ಟೋಕನ್ ಕಾಣುತ್ತಿಲ್ಲವೆಂದು ಅದನ್ನು ಆರಂಭಿಕ ಸ್ಥಿತಿಗೆ ಮರಳಿಸಿದರೆ ಮಾತ್ರ ಪ್ರಮಾಣಪತ್ರ ಅಳಿದು, ಹೊಸದನ್ನು ಪಡೆಯಬೇಕಾಗುತ್ತದೆ.

ಡೆಲ್‌ನ ಕೆಲವು ವ್ಯಾವಹಾರಿಕ ಲ್ಯಾಪ್‌ಟಾಪ್‌ಗಳಲ್ಲಿ ಬೆರಳಚ್ಚು ಮತ್ತು ಸ್ಮಾರ್ಟ್ ಕಾರ್ಡ್‌ಗಳನ್ನು ಕಂಟ್ರೋಲ್‌ವಾಲ್ಟ್ ಎಂಬ ಪ್ರತ್ಯೇಕ ಫಲಕ ನಿರ್ವಹಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸಿಸ್ಕೊ ಟ್ಯಾಲೋಸ್ ತಂಡವು ಇದರ ಫರ್ಮ್‌ವೇರ್‌ನಲ್ಲಿ ಕಂಡುಬಂದ ದೌರ್ಬಲ್ಯಗಳನ್ನು ಪ್ರಕಟಿಸಿತು. ದಾಳಿಕೋರರು ಅಲ್ಲಿ ಸೇರಿಸಿದ ಸಂಕೇತವು ವಿಂಡೋಸ್ ಅನ್ನು ಮರುಸ್ಥಾಪಿಸಿದ ನಂತರವೂ ಉಳಿಯಬಲ್ಲದೆಂದು ಆ ವರದಿ ಹೇಳಿತು. ಇಂತಹ ಭಾಗಗಳ ಫರ್ಮ್‌ವೇರ್ ಅನ್ನು ಲಿನಕ್ಸ್‌ನಲ್ಲಿ ಎಫ್‌ಡಬ್ಲ್ಯುಯುಪಿಡಿ ಎಂಬ ಸಾಧನದಿಂದ, ತಯಾರಕರು ಅದಕ್ಕೆ ಕಡತಗಳನ್ನು ಒದಗಿಸಿದ್ದರೆ, ನವೀಕರಿಸಬಹುದು.

ಅವಗೆಂಪು ಕ್ಯಾಮೆರಾ ಬಳಸಿ ಮುಖದಿಂದ ಪ್ರವೇಶ ನೀಡುವ ಹೌಡಿ ಎಂಬ ತಂತ್ರಾಂಶ ಲಿನಕ್ಸ್‌ಗೆ ಇದೆ. ಅದು ಗುಪ್ತಪದದಷ್ಟು ಸುರಕ್ಷಿತವಲ್ಲವೆಂದು ಅದರ ಅಭಿವೃದ್ಧಿಕಾರರೇ ಎಚ್ಚರಿಸುತ್ತಾರೆ. ಆ್ಯಪಲ್‌ನ ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ಮರುಪ್ರಾಪ್ತಿ ಪರಿಸರಕ್ಕೆ ಹೋಗಿ ಭದ್ರತಾ ಮಟ್ಟವನ್ನು ಇಳಿಸಿದ ಬಳಿಕವೇ ಲಿನಕ್ಸ್ ಸ್ಥಾಪಿಸಬಹುದು. ಟಚ್ ಐಡಿ ಅಲ್ಲಿ ಕೆಲಸ ಮಾಡುವುದಿಲ್ಲ. ಸ್ವಯಂ ಗೂಢಲಿಪೀಕರಣದ ಡಿಸ್ಕ್‌ಗಳಿಗೆ ಹಾಕಿದ ಬೀಗ ಮರೆತುಹೋದರೆ ಡಿಸ್ಕ್‌ನ ಮೇಲೆ ಮುದ್ರಿತವಾಗಿರುವ ಪಿಎಸ್‌ಐಡಿ ಸಂಖ್ಯೆಯಿಂದ ಅದನ್ನು ಮತ್ತೆ ಬಳಕೆಗೆ ತರಬಹುದು, ಆದರೆ ಒಳಗಿನ ದತ್ತಾಂಶವೆಲ್ಲ ಅಳಿಯುತ್ತದೆ.

ಬದಲಾವಣೆಗೆ ಮುನ್ನ

ಮೇಲಿನ ತೊಂದರೆಗಳಲ್ಲಿ ಹಲವನ್ನು ಹಳೆಯ ವ್ಯವಸ್ಥೆ ಇನ್ನೂ ಚಾಲನೆಯಲ್ಲಿರುವಾಗಲೇ ತಪ್ಪಿಸಬಹುದು. ಬಿಟ್‌ಲಾಕರ್‌ನ ಸ್ಥಿತಿಯನ್ನು ಪರಿಶೀಲಿಸಿ, ಮರುಪ್ರಾಪ್ತಿ ಕೀಲಿಯನ್ನು ಆ ಯಂತ್ರದ ಹೊರಗೆ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ವಿಂಡೋಸ್ ಅನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಗೂಢಲಿಪೀಕರಣವನ್ನು ಪೂರ್ತಿಯಾಗಿ ತೆಗೆಯಬೇಕಾಗಬಹುದು, ಏಕೆಂದರೆ ಉಬುಂಟುವಿನ ಸ್ಥಾಪಕವು ಬಿಟ್‌ಲಾಕರ್ ಇರುವ ವಿಭಾಗವನ್ನು ಕುಗ್ಗಿಸಲು ಒಪ್ಪದೆ ಅದನ್ನು ಮೊದಲು ತೆಗೆಯುವಂತೆ ಸೂಚಿಸಿದ್ದುಂಟು.

ವಿಂಡೋಸ್ ಹಲೋದಲ್ಲಿ ನೋಂದಾಯಿಸಿದ ಬೆರಳುಗಳನ್ನು ಅಲ್ಲಿಂದಲೇ ಅಳಿಸಿದರೆ ಸಂವೇದಕದೊಳಗೆ ಉಳಿಕೆಗಳ ತೊಂದರೆ ಕಡಿಮೆಯಾಗುತ್ತದೆ. ಹೆಚ್ಚು ಮರೆತುಹೋಗುವುದು ಪಾಸ್‌ಕೀಗಳ ವಿಷಯ. ವಿಂಡೋಸ್ ಹಲೋದಲ್ಲಿ ಆ ಯಂತ್ರಕ್ಕೆ ಸೀಮಿತವಾಗಿ ಉಳಿಸಿದ ಪಾಸ್‌ಕೀಗಳನ್ನು ಬೇರೆಡೆಗೆ ಒಯ್ಯಲು ಬರುವುದಿಲ್ಲ. ಜಾಲತಾಣದ ಖಾತೆಯೊಂದಕ್ಕೆ ಅದೊಂದೇ ಪ್ರವೇಶದ ದಾರಿಯಾಗಿದ್ದರೆ, ಡಿಸ್ಕ್ ಅಳಿಸುವ ಮುನ್ನ ಫೋನ್ ಅಥವಾ ಭದ್ರತಾ ಕೀಲಿಯಂತಹ ಇನ್ನೊಂದು ವಿಧಾನವನ್ನು ಆ ಖಾತೆಗೆ ಸೇರಿಸಿರಬೇಕು.

ಬಳಸಿದ ಲ್ಯಾಪ್‌ಟಾಪ್ ಕೊಂಡವರ ಪರಿಸ್ಥಿತಿ ಬೇರೆ. ಅವರಿಗೆ ಹಳೆಯ ವ್ಯವಸ್ಥೆಯನ್ನು ತೆರೆಯುವ ಅವಕಾಶವೇ ಇರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಸಿಗುವ, ಕಚೇರಿಗಳಿಂದ ಹೊರಬಂದ ಯಂತ್ರಗಳಲ್ಲಿ ಫರ್ಮ್‌ವೇರ್‌ನ ಮೇಲ್ವಿಚಾರಕ ಗುಪ್ತಪದ ಹಾಗೆಯೇ ಉಳಿದಿದ್ದರೆ ಟಿಪಿಎಂ ಬರಿದು ಮಾಡುವುದು, ಬೆರಳಚ್ಚು ಅಳಿಸುವುದು, ಸೆಕ್ಯೂರ್ ಬೂಟ್ ಬದಲಿಸುವುದು ಯಾವುದೂ ಸಾಧ್ಯವಾಗದು. ಆಧುನಿಕ ವ್ಯಾವಹಾರಿಕ ಮಾದರಿಗಳಲ್ಲಿ ಒಳಗಿನ ಸಣ್ಣ ಬ್ಯಾಟರಿಯನ್ನು ತೆಗೆದರೂ ಈ ಗುಪ್ತಪದ ಹೋಗುವುದಿಲ್ಲ. ಹಣ ಕೊಡುವ ಮುನ್ನ ಫರ್ಮ್‌ವೇರ್‌ನ ಪುಟವನ್ನು ತೆರೆದು, ಭದ್ರತಾ ವಿಭಾಗದ ಒಂದು ಆಯ್ಕೆಯನ್ನು ಬದಲಿಸಿ ಉಳಿಸಲು ಸಾಧ್ಯವೇ ಎಂದು ನೋಡಿದರೆ ಇದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ವಿಂಡೋಸ್‌ಗೆ ಮರಳಿದಾಗ

ಲಿನಕ್ಸ್‌ನಿಂದ ವಿಂಡೋಸ್‌ಗೆ ಮರಳುವಾಗ ಚಾಲಕಗಳ ಕೊರತೆ ಕಾಡುವುದು ಕಡಿಮೆ. ತಯಾರಕರ ತಾಣದಲ್ಲಿ ಅವು ಸಾಮಾನ್ಯವಾಗಿ ದೊರೆಯುತ್ತವೆ. ವಿಂಡೋಸ್ ಟಿಪಿಎಂ ಅನ್ನು ತಾನಾಗಿಯೇ ಸಿದ್ಧಪಡಿಸಿಕೊಳ್ಳಲು ಯತ್ನಿಸುತ್ತದೆ. ಲಿನಕ್ಸ್‌ನಲ್ಲಿ ಚಿಪ್‌ನ ಒಡೆತನಕ್ಕೆ ಗುಪ್ತಪದ ಹಾಕಿದ್ದರೆ ಈ ಯತ್ನ ವಿಫಲವಾಗಿ, ಚಿಪ್ ಬಳಕೆಗೆ ಸಿದ್ಧವಿಲ್ಲವೆಂಬ ಸಂದೇಶ ಬರಬಹುದು. ಹೊಸದಾಗಿ ಸ್ಥಾಪಿಸಿದ, ಗೂಢಲಿಪೀಕರಣ ಇನ್ನೂ ಆರಂಭವಾಗದ ಯಂತ್ರದಲ್ಲಿ ಟಿಪಿಎಂ ಅನ್ನು ಬರಿದು ಮಾಡುವುದರಿಂದ ಹಾನಿಯಿಲ್ಲ. ಈಗಾಗಲೇ ಬಳಕೆಯಲ್ಲಿರುವ ವಿಂಡೋಸ್‌ನಲ್ಲಿ ಹಾಗೆ ಮಾಡಿದರೆ ವಿಂಡೋಸ್ ಹಲೋದ ಪಿನ್ ಕೆಲಸ ಮಾಡದೆ, ಖಾತೆಯ ಗುಪ್ತಪದದಿಂದ ಪ್ರವೇಶಿಸಿ ಪಿನ್ ಮತ್ತು ಬೆರಳುಗಳನ್ನು ಹೊಸದಾಗಿ ನೋಂದಾಯಿಸಬೇಕಾಗುತ್ತದೆ. ಎರಡೂ ವ್ಯವಸ್ಥೆಗಳಿರುವ ಯಂತ್ರದಲ್ಲಿ ಬೆರಳಚ್ಚು ಸಂವೇದಕವು ಒಂದರಲ್ಲಿ ಬಳಸಿದ ನಂತರ ಇನ್ನೊಂದರಲ್ಲಿ ಸ್ಪಂದಿಸದಿದ್ದರೆ, ವಿಂಡೋಸ್‌ನ ಶೀಘ್ರ ಆರಂಭ ಸೌಲಭ್ಯವನ್ನು ತೆಗೆದು ಯಂತ್ರವನ್ನು ಸಂಪೂರ್ಣವಾಗಿ ಸ್ಥಗಿತಗೊಳಿಸಿ ನೋಡುವುದು ಬೇರೆಲ್ಲ ಪರಿಹಾರಗಳಿಗಿಂತ ಮೊದಲು ಮಾಡಬಹುದಾದ ಪರೀಕ್ಷೆ.